ಅಟ್ಟದ ಮೇಲಿನ ವಯರು

ಸೋಮವಾರ ಬೆಳಗ್ಗೆಯೇ ಬೆಂಗಳೂರಿಗೆ ಬಂದು ಇಳಿದೆ. ದೊಡ್ಡಪ್ಪನ ಮಾತು ಮಾತ್ರ ಇನ್ನೂ ಕಿವಿಯಲ್ಲೇ ಇದೆ: "ಹಂಗಾದ್ರೆ ಹೊರಗಿನವ್ರಿಗೆ ನಾವು ಈಗ್ಲೂ ಒಂದೇ ಮನೆ ಅಂತಾಯ್ತಲ್ಲೋ?"

ಸಾಗರದ ಹತ್ತಿರದ ನಮ್ಮ ಮನೆ ಹಿಸೆಯಾದದ್ದು 2009ರಲ್ಲಿ. ಜಗಲಿಯ ನಡುವೆ ಗೋಡೆ ಎದ್ದಿತು. ಅಟ್ಟಕ್ಕೆ ಮಾತ್ರ ಯಾರೂ ಗೋಡೆ ಕಟ್ಟಿಸಲಿಲ್ಲ; ಅಲ್ಲಿರುವ ಕೊಪ್ಪರಿಗೆ ಯಾರ ಪಾಲು ಅನ್ನುವುದೇ ಇನ್ನೂ ಇತ್ಯರ್ಥವಾಗಿಲ್ಲ. ಫೈಬರ್ ಇಂಟರ್ನೆಟ್ ಬಂದಾಗ ಅದರ ಪೆಟ್ಟಿಗೆ, ಅಂದರೆ ರೌಟರ್, ಕೂತದ್ದು ನಮ್ಮ ಕಡೆ. ವೈಫೈ ಗೋಡೆ ದಾಟಲಿಲ್ಲ. ಮನೆಯಿಂದಲೇ ಕೆಲಸ ಮಾಡುವ ಅತ್ತಿಗೆಗಾಗಿ ಅಟ್ಟದ ಮೇಲಿಂದ ಲ್ಯಾನ್ ವಯರು ಎಳೆದುಕೊಟ್ಟವನು ನಾನೇ. ಬಿಲ್ಲಿನ ಅರ್ಧವನ್ನು ದೊಡ್ಡಮ್ಮ ತಿಂಗಳು ತಿಂಗಳು ಮೊಮ್ಮಗನ ಕೈಲಿ ಕಳಿಸುತ್ತಾರೆ, ಚಿಲ್ಲರೆ ಸಮೇತ.

ಈ ಸಲ ಹೋದಾಗ ಅಪ್ಪನ ಮುಖ ಊದಿಕೊಂಡಿತ್ತು. ಮೂರು ದಿನದಿಂದ ನೆಟ್ ಒಮ್ಮೆ ಇದ್ದರೆ ಒಮ್ಮೆ ಇಲ್ಲ. "ಅವ್ರೇ ಏನೋ ಮಾಡಿದಾರೆ." ಅಪ್ಪನಿಗೆ ಅಡಿಕೆಗೆ ಕೊಳೆ ಬಂದರೂ ಗೋಡೆಯಾಚೆಯವರ ಮೇಲೇ ಗುಮಾನಿ. ಈ ಸಲ ಮಾತ್ರ ಗುಮಾನಿ ನಿಜವಾಗಿತ್ತು. ಅತ್ತಿಗೆ ಹೊಸ ರೌಟರ್ ತಂದು, ಹೊರಗಿನಿಂದ ನೆಟ್ ಬರುವ ವ್ಯಾನ್ ಪೋರ್ಟಿಗೆ ಹಾಕಬೇಕಾದ ವಯರನ್ನು ಮನೆಯೊಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದ್ದರು. ಎರಡೂ ರೌಟರ್‌ಗಳ ವಿಳಾಸ 192.168.1.1. ಎರಡೂ ಪೈಪೋಟಿಯ ಮೇಲೆ ಎರಡೂ ಮನೆಯ ಫೋನುಗಳಿಗೆ ವಿಳಾಸ ಹಂಚುತ್ತಿದ್ದವು. ಇಂಟರ್ನೆಟ್ ಇದ್ದದ್ದು ಒಂದರ ಬಳಿ.

ಹೊಸದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಬಂದ್ ಮಾಡಿ, ಅದರ ವಿಳಾಸದ ಕೊನೆಯ ಅಂಕಿಯನ್ನು 2 ಮಾಡಿದೆ. ಐದು ನಿಮಿಷದ ಕೆಲಸ. ದೊಡ್ಡಪ್ಪ ಕವಳ ಜಗಿಯುತ್ತಾ ಪಕ್ಕದಲ್ಲೇ ನಿಂತಿದ್ದರು. "ಒಂದೇ ಪಂಕ್ತಿಗೆ ಇಬ್ಬರು ಎಲೆ ಹಾಕ್ತಿದ್ರು ದೊಡ್ಡಪ್ಪ, ಒಬ್ರ ಹತ್ರ ಅನ್ನವೇ ಇರ್ಲಿಲ್ಲ" ಎಂದೆ.

"ಅನ್ನ ಯಾರ ಕಡೆ?"

"ನಮ್ಮ ಕಡೆ."

ಬಾಯಿಗೆ ಬಂದಾಗಿತ್ತು. ಮುಚ್ಚಿಕೊಳ್ಳಲು ಏನೇನೋ ಒದರಿದೆ: ಜಗತ್ತಿನಲ್ಲಿ ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಎಲ್ಲರ ಫೋನಿಗೂ ಒಂದೊಂದು ಕೊಡಲು ಸಾಲದು, ಅದಕ್ಕೇ ಒಳಗೆ ಎಷ್ಟು ಫೋನಿದ್ದರೂ ನಮ್ಮ ಪೆಟ್ಟಿಗೆ ಎಲ್ಲವನ್ನೂ ಒಂದೇ ವಿಳಾಸದಡಿ ಆಚೆ ಕಳಿಸುತ್ತದೆ, ಯಾರು ಏನು ಕೇಳಿದ್ದೆಂದು ನೆನಪಿಟ್ಟು, ಬಂದ ಉತ್ತರವನ್ನು ಅವರವರಿಗೆ ತಲುಪಿಸುತ್ತದೆ. ಆಗಲೇ ಅವರು ಆ ಮಾತು ಕೇಳಿದ್ದು.

ಹೌದು ಎಂದೆ. ಅವರು ಹೊರಗೆ ಹೋಗಿ ಉಗುಳಿ ಬಂದರು, ಮತ್ತೆ ಆ ವಿಷಯ ಎತ್ತಲಿಲ್ಲ. ಅದು ಕುಹಕವೋ, ಆಸೆಯೋ? ಹಿಸೆ ಕೇಳಿದ್ದು ಅವರೇ ಎನ್ನುತ್ತಾಳೆ ಅಮ್ಮ. ನಿಮ್ಮಪ್ಪನೇ ಎನ್ನುತ್ತಾರೆ ದೊಡ್ಡಮ್ಮ. ನನಗಂತೂ ಇಬ್ಬರೂ ಕೇಳಿದ್ದಾರೆಂದೇ ಅನುಮಾನ. ಬಸ್ಸಿನಲ್ಲಿ ರಾತ್ರಿಯಿಡೀ ಆ "ಅಂತಾಯ್ತಲ್ಲೋ" ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ಪ್ರತಿ ಸಲವೂ ಬೇರೆಯೇ ಕೇಳಿಸಿತು.

ನಿನ್ನೆ ಸಂಜೆ ದೊಡ್ಡಪ್ಪನದೇ ಫೋನು. ವಾಟ್ಸಾಪ್ ಅಲ್ಲ, ಮಾಮೂಲಿ ಕಾಲು. "ನೆಟ್ ಹೋಗಿದೆ ಮಾರಾಯ. ಪೆಟ್ಟಿಗೆ ಒಂದ್ಸಲ ಆಫ್ ಮಾಡಿ ಆನ್ ಮಾಡು ಅಂತ ನಿಮ್ಮಪ್ಪಂಗೆ ಹೇಳು."

ಅವರ ಮಾತಿನ ಹಿಂದೆಯೇ, ಗೋಡೆಯಾಚೆ ಅಪ್ಪ ಕೆಮ್ಮುವುದು ಕೇಳಿಸುತ್ತಿತ್ತು.