ಮೆಸಿಯಾನ್ ತಾಳಕ್ಕೆ ಕೈ ಹಾಕಿದರೆ

ಜನವರಿ 15, 2026, ಗುರುವಾರ

ಇವತ್ತಿಗೆ ಸರಿಯಾಗಿ 85 ವರ್ಷ. 1941ರ ಈ ದಿನ, ಗ್ಯೋರ್ಲಿಟ್ಸ್‌ನಲ್ಲಿ ಜರ್ಮನ್ನರು ನಡೆಸುತ್ತಿದ್ದ ಯುದ್ಧಕೈದಿಗಳ ಶಿಬಿರದಲ್ಲಿ, ತಾವೂ ಕೈದಿಯಾಗಿದ್ದ ಫ್ರೆಂಚ್ ಸಂಗೀತ ರಚನಕಾರ ಒಲಿವಿಯೇ ಮೆಸಿಯಾನ್ ತಮ್ಮ ‘ಕ್ವಾರ್ಟೆಟ್ ಫಾರ್ ದಿ ಎಂಡ್ ಆಫ್ ಟೈಮ್’ ಎಂಬ ನಾಲ್ವರ ಕೃತಿಯನ್ನು ಮೊದಲ ಸಲ ಕೇಳಿಸಿದರು. ಪಿಯಾನೊಕ್ಕೆ ತಾವೇ ಕೂತರು. ಕ್ಲಾರಿನೆಟ್ ಆನ್ರಿ ಅಕೋಕಾ, ಪಿಟೀಲು ಝಾನ್ ಲ ಬೂಲೇರ್, ಚೆಲ್ಲೊ ಎತಿಯೆನ್ ಪಾಸ್ಕಿಯೇ, ಮೂವರೂ ಕೈದಿಗಳೇ. ಚೆಲ್ಲೊಗೆ ಮೂರೇ ತಂತಿ ಇತ್ತು, ಐದು ಸಾವಿರ ಜನ ಸೇರಿದ್ದರು ಎಂದು ಮೆಸಿಯಾನ್ ಆಮೇಲೆ ಹೇಳುತ್ತಿದ್ದರು. ತಂತಿ ನಾಲ್ಕೂ ಇದ್ದವು ಎನ್ನುವುದು ಪಾಸ್ಕಿಯೇ ಮಾತು. ಜನರೂ ಕೆಲವು ನೂರು ಮಾತ್ರ. ಕಥೆ ಹಾಗಿರಲಿ, ಮೊದಲ ಭಾಗದ ಪಿಯಾನೊ ಲೆಕ್ಕ ಅದಕ್ಕಿಂತ ಸೋಜಿಗದ್ದು.

ಲೆಕ್ಕದ ಮೂಲ ನಮ್ಮ ಕಡೆಯದು. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ 120 ದೇಶೀ ತಾಳಗಳನ್ನು ಪಟ್ಟಿ ಮಾಡಿದ್ದಾನೆ. ಆ ಪಟ್ಟಿ ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ ಮೆಸಿಯಾನ್ ಕಣ್ಣಿಗೆ ಬಿತ್ತು. ಅವರು ಅದರಿಂದ ಮೂರನ್ನು ಸಾಲಾಗಿ ಜೋಡಿಸಿದರು: ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ಸಿಕ್ಸ್‌ಟೀನ್ತ್ ನೋಟಿಗೆ (ಬಡಿತದ ಕಾಲು ಭಾಗ) 1 ಮಾತ್ರೆ ಎಂದಿಟ್ಟುಕೊಂಡರೆ ಹೀಗೆ:

4 4 4 2 3 2 | 2 2 2 3 3 3 1 | 2 3 4 8

ಒಟ್ಟು 17 ಹೊಡೆತ, 52 ಮಾತ್ರೆ. ಚಂದ್ರಕಲಾ ಸುಲಭ: ಮೂರು ಗುರು (2), ಮೂರು ಪ್ಲುತ (3), ಒಂದು ಲಘು (1). ರಾಗವರ್ಧನದಲ್ಲಿ ಮಾತ್ರ ಕೈಚಳಕವಿದೆ. 2 3 2 12 ಎಂದು ಇದ್ದದ್ದನ್ನು ಹಿಂದುಮುಂದು ಮಾಡಿ, 12ನ್ನು ಮೂರು ನಾಲ್ಕಾಗಿ ಒಡೆದಿದ್ದಾರೆ.

ಎಡವುವುದು ಎರಡು ಕಡೆ. ರಾಗವರ್ಧನದ ಕೊನೆಯ 2, ಚಂದ್ರಕಲಾದ ಮೂರು 2ಗಳಿಗೆ ಅಂಟಿಕೊಂಡು ನಾಲ್ಕಾಗುತ್ತದೆ. ಮೂರನ್ನೇ ಎಣಿಸಿ ಮುಂದಕ್ಕೆ ಹೋದರೆ ಅಲ್ಲಿಂದಾಚೆ ಎಲ್ಲವೂ ಬೇಗ. ಇನ್ನೊಂದು, ಚಂದ್ರಕಲಾದ ಕೊನೆಯ ಒಂಟಿ 1. ಮೂರು ಉದ್ದನೆಯ ಹೊಡೆತ ಕಳೆದ ಮೇಲೆ ಬರುವ ಆ ಚೂರನ್ನು ಕೈ ನುಂಗಿಬಿಡುತ್ತದೆ. ಇದರ ಮೇಲೆ ಬರಹದಲ್ಲಿರುವುದು ಮೂರು ಬಡಿತದ ಬಾರ್ (ಗೆರೆ ಎಳೆದು ಬೇರ್ಪಡಿಸಿದ ತುಂಡು), ಅಂದರೆ 12 ಮಾತ್ರೆ. 52ರಲ್ಲಿ ನಾಲ್ಕು ಬಾರ್ ಹೋಗಿ 4 ಉಳಿಯುತ್ತದೆ, ಹಾಗಾಗಿ ಪ್ರತಿ ಸುತ್ತೂ ಒಂದು ಬಡಿತ ತಡವಾಗಿ ಶುರುವಾಗಿ ಮೂರು ಸುತ್ತಿಗೆ ಮೊದಲಿನ ಜಾಗಕ್ಕೆ ಬರುತ್ತದೆ. ಬಾರ್ ಗೆರೆ ಕಂಡಲ್ಲೆಲ್ಲ ಒತ್ತು ಕೊಟ್ಟರೆ ಕೆಟ್ಟಿತು. ಆ ಗೆರೆ ನಾಲ್ವರೂ ಒಟ್ಟಿಗೆ ಸಾಗಲೆಂದು ಇರುವುದು.

ಪ್ರತಿ ಹೊಡೆತಕ್ಕೂ ಪಿಯಾನೊದಲ್ಲಿ ಒಂದು ಸ್ವರಮೇಳ (ಕಾರ್ಡ್, ಒಟ್ಟಿಗೆ ನುಡಿಯುವ ಸ್ವರಗಳ ಗುಂಪು). ಅವು 17 ಅಲ್ಲ, 29. ಹೊಡೆತ ಮುಗಿದರೂ ಕಾರ್ಡ್ ಮುಗಿಯುವುದಿಲ್ಲ. ಎರಡನೇ ಸುತ್ತು 18ನೇ ಕಾರ್ಡಿನಿಂದ ಶುರು, 12ನೇ ಹೊಡೆತಕ್ಕೆ 29ನೆಯದು ಖಾಲಿ, 13ನೆಯದಕ್ಕೆ ಮತ್ತೆ ಮೊದಲ ಕಾರ್ಡ್. ಆ 13ನೆಯದೇ ಮೇಲೆ ಹೇಳಿದ ಒಂಟಿ 1. ಆರಂಭದಲ್ಲಿ 4 ಮಾತ್ರೆ ನಿಂತಿದ್ದ ಕಾರ್ಡ್ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. 17, 29 ಎರಡೂ ಅವಿಭಾಜ್ಯ, ಆದ್ದರಿಂದ ಎರಡೂ ಒಟ್ಟಿಗೆ ಶುರುವಾಗಲು 29 ಸುತ್ತು ಬೇಕು. ಕ್ವಾರ್ಟರ್ ನೋಟ್ (ಒಂದು ಬಡಿತ) ನಿಮಿಷಕ್ಕೆ 54 ಆದರೆ ಸುಮಾರು ಏಳು ನಿಮಿಷ. ಭಾಗವೇ ಎರಡೂವರೆ ನಿಮಿಷದ ಸುಮಾರಿಗೆ ಮುಗಿಯುತ್ತದೆ.

ಚೆಲ್ಲೊ ಪಾಡೇ ಬೇರೆ: ಐದು ಸ್ವರ, 15 ಹೊಡೆತ, ಎಲ್ಲವೂ ಹಾರ್ಮೋನಿಕ್ಸ್‌ನಲ್ಲಿ (ತಂತಿಯನ್ನು ಒತ್ತದೆ ಹಗುರಾಗಿ ಮುಟ್ಟಿ ಹೊರಡಿಸುವ ತೆಳು ನಾದ). ಈಗ ಎಯ್ತ್ ನೋಟಿಗೆ (ಅರ್ಧ ಬಡಿತ) 1: 4 3 4, ಆಮೇಲೆ 4 1 1 3 1 1 1 1 3 1 1 4. ಎರಡೂ ‘ವಿಕಟಕವಿ’ಯ ಹಾಗೆ, ಎತ್ತಲಿಂದ ಓದಿದರೂ ಅದೇ. ಇದಕ್ಕೆ ಮೆಸಿಯಾನ್ ‘ಹಿಮ್ಮುಖವಾಗಿಸಲಾಗದ ಲಯ’ ಎನ್ನುತ್ತಿದ್ದರು. ಶಾರ್ಙ್ಗದೇವನ ಢೇಂಕಿಯೂ (2 1 2) ಇದೇ ಜಾತಿ. ಕ್ಲಾರಿನೆಟ್, ಪಿಟೀಲುಗಳಿಗೆ ಈ ಕಟ್ಟು ಇಲ್ಲ. ಅವು ಬೆಳಗಿನ ಜಾವದ ಹಕ್ಕಿಗಳು.

ಒಂದು ಮಾತು ಹೇಳಲೇಬೇಕು. ಇದು ತಾಳ ಹಾಕಿ ಕೇಳುವ ಸಂಗೀತವಲ್ಲ. ಸಮವಿಲ್ಲ (ತಾಳದ ಮೊದಲ ಹೊಡೆತ), ಎಡುಪ್ಪಿಲ್ಲ (ಹಾಡು ಎತ್ತಿಕೊಳ್ಳುವ ಜಾಗ), ಕ್ರಿಯೆಯಿಲ್ಲ (ಕೈಯಲ್ಲಿ ತಾಳ ಹಾಕುವ ಬಗೆ). ಮೆಸಿಯಾನ್ ತಾಳವನ್ನು ಕೈಯಿಂದ ಕಲಿಯದೆ ಕಾಗದದಿಂದ ಕಲಿತವರು, ಅವರಿಗೆ ಅದು ಬರೀ ಉದ್ದಗಳ ಸಾಲು. ಕಚೇರಿಯ ಕಿವಿಗೆ ಇದು ಕೊರತೆ ಅನ್ನಿಸುವುದು ಸಹಜ, ಆದರೆ ಮುಗಿಯದೆ ಸುತ್ತುವ ಈ ಯಂತ್ರ ಹುಟ್ಟಿದ್ದು ಆ ಕೊರತೆಯಿಂದಲೇ.

ಮೆಸಿಯಾನ್ ಶಿಬಿರದಿಂದ ಬಿಡುಗಡೆಯಾದದ್ದು 1941ರಲ್ಲೇ, ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಪಾಠ ಶುರುವಾದದ್ದೂ ಅದೇ ವರ್ಷ. ಮುಂದೆ ಹೆಸರಾದ ರಚನಕಾರರು ಬೂಲೆ, ಸ್ಟಾಕ್‌ಹೌಸೆನ್ ಆ ತರಗತಿಯಲ್ಲಿ ಕೂತವರು. 1931ರಲ್ಲಿ ಹಿಡಿದ ಟ್ರಿನಿಟೇ ಚರ್ಚಿನ ಆರ್ಗನ್ ಕೆಲಸವನ್ನು 1992ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ.

ನಾಳೆಗೆ ಆರನೇ ಭಾಗ. ನಾಲ್ವರೂ ಒಂದೇ ಸ್ವರಪಂಕ್ತಿ, ನಡುನಡುವೆ ಒಂದು ಸಿಕ್ಸ್‌ಟೀನ್ತ್‌ನಷ್ಟು ಸೇರ್ಪಡೆ. ಮೊದಮೊದಲು ಸಿಕ್ಸ್‌ಟೀನ್ತ್‌ಗಳಲ್ಲೇ ಮನಸ್ಸಿನಲ್ಲಿ ಎಣಿಸಿ ಎಂದು ಮೆಸಿಯಾನ್ ಅವರೇ ಮುನ್ನುಡಿಯಲ್ಲಿ ಬರೆದಿದ್ದಾರೆ. ಪೆನ್ಸಿಲ್ ಚೂಪು ಮಾಡಿಟ್ಟುಕೊಳ್ಳಬೇಕು.