ಆ ಮಾತ್ರೆ ಅಂಟಿದ್ದನ್ನ ಯಾರು ನೋಡಿದಾರೆ?

"ಅಲ್ಲ ಮಾರಾಯ, ಈ ಮಾತ್ರೆ ತಲೆಯೊಳಗೆ ಹೋಗಿ ಅಂಟಿಕೊಳ್ಳುತ್ತೆ ಅಂತೀಯಲ್ಲ, ಅದನ್ನ ಯಾರು ನೋಡಿದಾರೆ?"

ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಲ್ಲಿ ಮೂಡಿಗೆರೆ ಬಸ್ಸಿಗೆ ಕಾಯುತ್ತಿದ್ದಾಗ ಚಿಕ್ಕಮ್ಮ ಕೇಳಿದ್ದು. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಮಾತ್ರೆ ಶುರು ಮಾಡಿ ವಾರವಾಗಿತ್ತು ಅಷ್ಟೆ. ಹೊಟ್ಟೆ ತೊಳಸುತ್ತೆ, ಬಾಯಿ ಒಣಗುತ್ತೆ, ಮನಸ್ಸು ಮಾತ್ರ ಹಾಗೇ ಇದೆ, ನಿಲ್ಲಿಸಿಬಿಡ್ತೀನಿ ಅಂದರು. ಈ ವಾರವೆಲ್ಲ ಆ ಪ್ರಶ್ನೆಯೇ ತಲೆಯಲ್ಲಿ. ಯಾಕೆಂದರೆ ಲ್ಯಾಬಿನಲ್ಲಿ ನಾನು ಮಾಡುವ ಕೆಲಸವೇ ಅದು, ಅಂಟಿದ್ದನ್ನು ಅಳೆಯುವುದು.

ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಒಂದು ರಾಸಾಯನಿಕ ಸೆರೊಟೋನಿನ್. ನರಕೋಶ ಹೊರಗೆ ಬಿಟ್ಟ ಸೆರೊಟೋನಿನ್ನನ್ನು ಮತ್ತೆ ಒಳಗೆ ಎಳೆದುಕೊಳ್ಳುವ ಒಂದು ಪ್ರೋಟೀನ್ ಇದೆ, ಅದೇ ಟ್ರಾನ್ಸ್‌ಪೋರ್ಟರ್. ಈ ಮಾತ್ರೆ ಅದರೊಳಗೆ ಕೂತು ದಾರಿ ಕಟ್ಟುತ್ತೆ. ಆ ಪ್ರೋಟೀನ್ ಇರುವ ಜೀವಕೋಶಗಳ ಪೊರೆಯನ್ನು ಟ್ಯೂಬಿಗೆ ಹಾಕಿ, ಟ್ರಿಟಿಯಂ ಸೇರಿಸಿದ, ಅಂದರೆ ವಿಕಿರಣ ಸೂಸುವ, ಒಂದು ಔಷಧವನ್ನು ಮೊದಲು ಅಂಟಿಸುತ್ತೇವೆ. ಆಮೇಲೆ ಪರೀಕ್ಷಿಸಬೇಕಾದ ಔಷಧವನ್ನು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋದರೆ ಅದು ಜಾಗ ಹಿಡಿದಷ್ಟೂ ಮೊದಲಿನದು ಹೊರಬೀಳುತ್ತೆ. ಸೋಸಿ, ತೊಳೆದು, ಉಳಿದ ವಿಕಿರಣ ಎಣಿಸಬೇಕು. ಆದರೆ ಔಷಧ ಸೋಸುವ ಕಾಗದಕ್ಕೂ ಅಂಟುತ್ತೆ, ಪೊರೆಯ ಕೊಬ್ಬಿಗೂ ಅಂಟುತ್ತೆ. ಅದಕ್ಕೇ ವಿಕಿರಣವಿಲ್ಲದ ಔಷಧವನ್ನು ಧಾರಾಳವಾಗಿ ಸುರಿದ ಇನ್ನೊಂದು ಟ್ಯೂಬ್ ಇಡುತ್ತೇವೆ. ಟ್ರಾನ್ಸ್‌ಪೋರ್ಟರಿನ ಜಾಗವನ್ನೆಲ್ಲ ಅದೇ ಹಿಡಿಯುವುದರಿಂದ ಅಲ್ಲಿ ಉಳಿದ ವಿಕಿರಣವೆಲ್ಲ ಬೇರೆಡೆ ಸುಮ್ನೆ ಅಂಟಿದ್ದು, ಅದನ್ನು ಕಳೆಯಬೇಕು. ಈ ಕಳೆಯುವ ಲೆಕ್ಕ ನನಗೆ ತುಂಬ ಇಷ್ಟ, ಪ್ರಾಮಾಣಿಕವಾದ ಲೆಕ್ಕ ಅದು. ಅರ್ಧದಷ್ಟು ಜಾಗ ಹಿಡಿಯಲು ಎಷ್ಟು ಔಷಧ ಬೇಕು ಅನ್ನುವುದೇ ಕೊನೆಯ ಉತ್ತರ, ಎಸ್ಸಿಟಾಲೋಪ್ರಾಮಿಗೆ ಅದು ಒಂದು ನ್ಯಾನೋಮೋಲಾರ್ (ಲೀಟರಿಗೆ ಒಂದು ಮೋಲ್‌ನ ನೂರು ಕೋಟಿಯಲ್ಲೊಂದು ಪಾಲು) ಆಸುಪಾಸು ಬರುತ್ತೆ. ಅಂದರೆ ತೀರಾ ಸ್ವಲ್ಪವೇ ಸಾಕು, ಬಿಗಿಯಾಗಿ ಹಿಡಿಯುತ್ತೆ.

ನೋಡಿದವರೂ ಇದ್ದಾರೆ ಚಿಕ್ಕಮ್ಮ. 2016ರಲ್ಲಿ ಅಮೆರಿಕದ ಒರೆಗಾನ್ ಸಂಶೋಧಕರು ಈ ಔಷಧ ಕೂತಿರುವ ಟ್ರಾನ್ಸ್‌ಪೋರ್ಟರಿನ ರಚನೆಯನ್ನು ಎಕ್ಸ್-ರೇಯಿಂದ ಬಿಡಿಸಿ ತೋರಿಸಿದರು. ಬದುಕಿರುವವರ ಮೆದುಳನ್ನು ಪೆಟ್ ಸ್ಕ್ಯಾನ್ (ವಿಕಿರಣ ಸೂಸುವ ವಸ್ತುವನ್ನು ಸ್ವಲ್ಪ ಒಳಗೆ ಕೊಟ್ಟು ತೆಗೆಯುವ ಚಿತ್ರ) ಮಾಡಿಯೂ ನೋಡಿದ್ದಾರೆ. ಈ ಜಾತಿಯ ಔಷಧಗಳ ಮಾಮೂಲಿ ಡೋಸಿನಲ್ಲಿ ಸುಮಾರು ಶೇ. 80ರಷ್ಟು ಟ್ರಾನ್ಸ್‌ಪೋರ್ಟರ್‌ಗಳು ಹಿಡಿತಕ್ಕೆ ಸಿಕ್ಕಿರುತ್ತವೆ.

ಇಷ್ಟೆಲ್ಲ ಹೇಳಿದೆ. "ಅಂಟಿದ್ದರೆ ಮತ್ತೆ ನಂಗೆ ಯಾಕೆ ಹೀಗೇ ಇದೆ?" ಅಂದರು.

ನನ್ನ ಟ್ಯೂಬಿನಲ್ಲಿ ಇದಕ್ಕೆ ಉತ್ತರವಿಲ್ಲ. ಅಂಟುವುದು ಗಂಟೆಗಳ ಕೆಲಸ, ಮನಸ್ಸು ಹಗುರಾಗುವುದು ವಾರಗಳ ಕೆಲಸ. ಸೆರೊಟೋನಿನ್ ಏರಿದ ಕೂಡಲೇ ನರಕೋಶದ ಮೇಲಿನ ಕೆಲವು ಗ್ರಾಹಕಗಳು, ಅಂದರೆ ಅದನ್ನು ಗುರುತಿಸುವ ಪ್ರೋಟೀನ್‌ಗಳು, ಇನ್ನಷ್ಟು ಬಿಡದಂತೆ ಬ್ರೇಕ್ ಹಾಕುತ್ತವೆ, ಆ ಬ್ರೇಕ್ ಸಡಿಲವಾಗಲು ಸಮಯ ಬೇಕು ಅನ್ನುವುದು ಒಂದು ಮುಖ್ಯ ವಿವರಣೆ. ಹೊಟ್ಟೆ ತೊಳಸುವಂಥ ಸಂಕಟ ಮಾತ್ರ ಮೊದಲ ವಾರವೇ ಬರುತ್ತೆ. ಎಷ್ಟು ಜನ ಇಲ್ಲೇ ಬಿಟ್ಟುಬಿಡುತ್ತಾರೋ ಏನೋ. ಮಾತ್ರೆ ಬರೆದುಕೊಟ್ಟವರು ಇದನ್ನು ಎರಡು ನಿಮಿಷ ಹೇಳಬಹುದಿತ್ತು ಅಲ್ವಾ? ಹೇಳಿರಲಿಲ್ಲ, ನನಗೆ ಸಿಟ್ಟಿದೆ.

ಚಿಕ್ಕಪ್ಪ ಪಕ್ಕದಲ್ಲೇ ಇದ್ದರು. "ಇದೆಲ್ಲ ನಿದ್ದೆ ಮಾತ್ರೆ, ತೋಟದಲ್ಲಿ ನಾಲ್ಕು ಸುತ್ತು ಹಾಕಿದ್ರೆ ಸರಿಹೋಗುತ್ತೆ" ಅಂದರು. ಒಳ್ಳೆಯವರು. ಕಾಫಿ ಗಿಡಕ್ಕೆ ಕಾಂಡಕೊರಕ ಬಿದ್ದರೆ ಒಂದೊಂದೇ ಗಿಡ ಮುಟ್ಟಿ ನೋಡುತ್ತಾರೆ. ಚಿಕ್ಕಮ್ಮ ಹೀಗೆ ಮಂಕಾಗಿ ಎಷ್ಟು ತಿಂಗಳಾಯ್ತು ಅಂತ ಕೇಳಿದರೆ ಅವರಿಗೆ ಹೇಳಲು ಬರಲಿಲ್ಲ.

ಬಿಪಿ ಮಾತ್ರೆಯಾದರೆ ಮಿಷನ್ ಅಂಕಿ ತೋರಿಸುತ್ತೆ, ನಂಬುತ್ತೇವೆ. ದುಃಖ ಇಳಿದದ್ದನ್ನು ಅಳೆಯಬೇಕಾದರೆ ಎದುರಿಗೆ ಕೂತು ಕೇಳಬೇಕು, ಮತ್ತೆ ಮತ್ತೆ ಕೇಳಬೇಕು. ಎಷ್ಟು ಮನೆಗಳಲ್ಲಿ ಕೇಳುತ್ತೇವೆ?

ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ, ಮುಂದಿನ ಸಲ ನಾನೂ ಬರುತ್ತೇನೆ ಅಂದೆ. "ಬಾ, ಇವರೂ ಒಳಗೆ ಬರಬೇಕು, ಹೊರಗೆ ಪೇಪರ್ ಓದ್ತಾ ಕೂರೋದಲ್ಲ" ಅಂದರು ಚಿಕ್ಕಮ್ಮ. ಚಿಕ್ಕಪ್ಪ ಹೂಂ ಅಂದರು.