ಗುಡ್ಡ ಜರಿದ ಊರಿನ ಮರಕ್ಕೆ ಉಳಿ ಹಿಡಿಯೋ ಮುಂಚೆ

2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ಗದ್ದೆ, ತೋಟ ಹೋದದ್ದು ಈ ಭಾಗದವರಿಗೆ ಹೊಸದಾಗಿ ಹೇಳಬೇಕಿಲ್ಲ. ನಾನು ಚಿಕ್ಕಮಗಳೂರಲ್ಲಿ ಮಂಟಪ, ಪ್ರಭಾವಳಿ, ಪಲ್ಲಕ್ಕಿ ಕೆತ್ತೋನು. ಆ ಮಳೆ ಆದಮೇಲೆ ನಮ್ಮ ಶೆಡ್ಡಿಗೆ ಬೇರೆ ಥರದ ಗಿರಾಕಿಗಳು ಬರತೊಡಗಿದರು. ಕೆಸರಿಂದ ಎಳೆದು ತೆಗೆದ ತೊಲೆ, ಬಾಗಿಲ ಚೌಕಟ್ಟು, ಬುಡಮೇಲಾದ ಹಲಸಿನ ದಿಮ್ಮಿ ಪಿಕಪ್ಪಲ್ಲಿ ತಂದು ಇಳಿಸಿ, "ಆಚಾರ್ರೇ, ಇದ್ರಲ್ಲೇ ದೇವ್ರ ಕೆಲ್ಸ ಆಗ್ಬೇಕು" ಅನ್ನೋರು.

ಏನು ಕೆತ್ತೋದು ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು, ಈ ಮರ ಏನಾಗಬಹುದು ಅಂತ. ಬಂದವರಲ್ಲಿ ಹೆಚ್ಚಿನವರ ಮನಸ್ಸಲ್ಲಿ ಇರೋದು ಮೂರ್ತಿ. ವರಾಹಮಿಹಿರ ಬರೆದ ಹಳೇ ಸಂಸ್ಕೃತ ಗ್ರಂಥ ಬೃಹತ್ಸಂಹಿತೆಯಲ್ಲಿ ಪ್ರತಿಮೆಗೆ ಆಗದ ಮರಗಳ ಪಟ್ಟಿಯೇ ಇದೆ: ಸಿಡಿಲು, ಗಾಳಿ ಹೊಡೆದದ್ದು, ತಾನಾಗೇ ಬಿದ್ದದ್ದು, ಬೆಂಕಿ ತಗುಲಿದ್ದು, ಆನೆ ಮುರಿದದ್ದು. (ಆನೆ ಮುರಿದದ್ದೂ ಬೇಡ ಅಂದ್ರೆ ಆಲೂರು, ಸಕಲೇಶಪುರದ ಕಡೆಯವರು ಮರಕ್ಕೆ ಎಲ್ಲಿಗೆ ಹೋಗಬೇಕೋ!) ಹಾಗಾಗಿ ಮೂಲ ಮೂರ್ತಿ ಕಲ್ಲಲ್ಲೋ ಪಂಚಲೋಹದಲ್ಲೋ ಇರಲಿ, ಈ ಮರ ಮಂಟಪಕ್ಕೆ, ಪ್ರಭಾವಳಿಗೆ, ಗರ್ಭಗುಡಿ ಬಾಗಿಲಿಗೆ ಬರಲಿ ಅಂತ ನಾನು ಹೇಳ್ತೀನಿ. ಆದ್ರೆ ತೀರ್ಮಾನ ನನ್ನದಲ್ಲ. ಅರ್ಚಕರನ್ನ ಎದುರಿಗೆ ಕೂರಿಸಿಕೊಂಡು ಮಾತು ಮುಗಿಸಿದ ಮೇಲೇ ಅಳತೆ ತಗೊಳ್ಳೋದು. ದೈವ ನಂಬೋರ ಕಟ್ಟಳೆ ಬೇರೆ, ಅವರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ಅಪ್ಪಣೆ ಕೇಳಿಯೇ ಬರ್ತಾರೆ. ಇನ್ನು ಬೀಟೆ ತುಂಡು ಬಂತೋ, ಅರಣ್ಯ ಇಲಾಖೆಯ ಕಾಗದ ನೋಡದೆ ಶೆಡ್ಡೊಳಗೆ ಇಳಿಸಿಕೊಳ್ಳಲ್ಲ.

ಊರೊಳಗೇ ತಕರಾರು ಏಳೋದೂ ಉಂಟು. ಸಾವು ಕಂಡ ಮನೆಯ ಮರ ದೇವರ ಮುಂದೆ ಯಾಕೆ ಅಂತಾರೆ. ಇಂಥ ಅಂಜಿಕೆ ನಮ್ಮಲ್ಲಷ್ಟೇ ಅಲ್ಲ. ಜಪಾನಿನ ರಿಕುಜೆನ್‌ತಕತದಲ್ಲಿ 2011ರ ಸುನಾಮಿಗೆ ಸುಮಾರು 70,000 ಪೈನ್ ಮರಗಳ ತೋಪು ಕೊಚ್ಚಿಹೋಗಿ ಒಂದೇ ಮರ ನಿಂತಿತ್ತು. ಬಿದ್ದ ಮರದ ಸೌದೆ ಮೇಲೆ ಜನ ತೀರಿಕೊಂಡವರ ಹೆಸರು, ಹರಕೆ ಬರೆದು ಕೊಟ್ಟರು. ಕ್ಯೋಟೋದಲ್ಲಿ ಆಗಸ್ಟ್ 16ಕ್ಕೆ ಹಿರಿಯರ ಆತ್ಮಗಳನ್ನ ಕಳಿಸಿಕೊಡಲು ಬೆಟ್ಟದ ಮೇಲೆ ಹಚ್ಚೋ ಬೆಂಕಿಗೆ ಅದನ್ನ ಹಾಕಬೇಕು ಅಂತಿತ್ತು. ಅದೇ ಸುನಾಮಿಗೆ ಕೆಟ್ಟ ಫುಕುಶಿಮಾ ಅಣುಸ್ಥಾವರದ ವಿಕಿರಣ ಮರಕ್ಕೂ ತಗುಲಿರಬಹುದು ಅನ್ನೋ ಭಯಕ್ಕೆ ಅದು ನಿಂತುಹೋಯ್ತು. ಆದ್ದರಿಂದ ನಮ್ಮ ಊರಿನವರು ಹೆದರಿದ್ರೆ ನನಗೆ ಸಿಟ್ಟು ಬರಲ್ಲ, ಅವರವರೇ ಕೂತು ಬಗೆಹರಿಸಿಕೊಂಡು ಬರಲಿ ಅಂತ ಕಾಯ್ತೀನಿ.

ಇನ್ನು ಮರದ ವಿಷಯ. ಕೆಸರಲ್ಲಿ ಹೂತ ಮರದ ಸೀಳುಗಳಲ್ಲಿ ಮರಳು ಕೂತಿರುತ್ತೆ. ತೊಳೆದು, ತಂತಿ ಬ್ರಷ್ಷಲ್ಲಿ ಉಜ್ಜದೆ ಉಳಿ ಇಟ್ರೆ ಬಾಯಿ ಒಂದೇ ಗಳಿಗೆಗೆ ಮೊಂಡು. ಮುರಿದ ಮೊಳೆ ಒಳಗೇ ಇರುತ್ತೆ, ಅಯಸ್ಕಾಂತ ಆಡಿಸಿ ನೋಡಬೇಕು. ಬಿಸಿಲಿಗೆ ಒಣಗಿಸಿದ್ರಂತೂ ಕೆಲಸ ಕೆಟ್ಟಿತು. ದಿಮ್ಮಿಯ ಎರಡೂ ತುದಿಗೆ ಸೆಗಣಿಯೋ ಮೇಣವೋ ಬಳಿದು, ಕೆಳಗೆ ರೀಪು ಪಟ್ಟಿ ಕೊಟ್ಟು, ನೆರಳಲ್ಲಿ ಗಾಳಿಯಾಡೋ ಕಡೆ ಬಿಡಬೇಕು. ಹಲಸಾದ್ರೆ ಹೊರಗಿನ ಬಿಳಿ ಭಾಗ ಕೊಳೆತಿದ್ರೂ ಒಳಗಿನ ಚೇಗು ಅರಿಶಿನದ ಬಣ್ಣದಲ್ಲಿ ಗಟ್ಟಿಯಾಗೇ ಸಿಗುತ್ತೆ. ಮೊಳೆ ಇದ್ದ ಕಡೆ ತುಕ್ಕು ಇಳಿದು ಕಪ್ಪಾಗಿರುತ್ತೆ. ಹುಡುಗರು ಅದನ್ನ ಕೆರೆದು ತೆಗೆಯೋಕೆ ಹೋಗ್ತಾರೆ, ನಾನು ಬಿಡಲ್ಲ.

ಒಂದು ಮಂಟಪಕ್ಕೆ ಬಂದ ತೊಲೆಯಲ್ಲಿ ಹೆಬ್ಬೆರಳು ಹಿಡಿಯೋ ತೂತಿತ್ತು. ತುಂಡು ಕೂರಿಸಿ ಮುಚ್ಚಿಬಿಡೋಣ ಅಂತ ಗುರುತು ಹಾಕಿದ್ದೆ. ಮನೆಯ ಅಜ್ಜಿ ಅದರೊಳಗೆ ಬೆರಳಿಟ್ಟು, "ಇಲ್ಲಿ ತೊಟ್ಲು ಕೊಕ್ಕೆ ಇತ್ತು ಕಣಪ್ಪ. ಹೂವು ಬಳ್ಳಿ ಎಷ್ಟು ಬೇಕಾದ್ರೂ ಮಾಡು, ಇದನ್ನ ಮುಚ್ಚಬೇಡ" ಅಂದ್ರು. ಬಳ್ಳಿಯನ್ನ ತೂತಿನ ಸುತ್ತ ತಿರುಗಿಸಿ ಕೆತ್ತಿದೆ. ಅಲ್ಲಿಂದ ಈಚೆಗೆ ನಕ್ಷೆ ಬರೆಯೋ ಮುಂಚೆ ಮನೆಯವರನ್ನ, ಅದರಲ್ಲೂ ಹೆಂಗಸರನ್ನ ಮರದ ಹತ್ತಿರ ಕರೆಸ್ತೀನಿ. ಯಾವ ಗುರುತು ಉಳೀಬೇಕು ಅಂತ ಸೀಮೆಸುಣ್ಣದಲ್ಲಿ ಅವರೇ ಸುತ್ತು ಹಾಕ್ತಾರೆ.

ರೇಟಿನ ಮಾತೂ ಆಗಲೇ ಆಗಬೇಕು. ಮರ ನಮ್ಮದೇ ಅಲ್ವಾ, ಕಮ್ಮಿ ಮಾಡಿ ಅಂತಾರೆ. ತೊಳೆಯೋದು, ಮೊಳೆ ಕೀಳೋದು, ಒಣಗೋವರೆಗೆ ಶೆಡ್ಡಲ್ಲಿ ಜಾಗ ಕೊಡೋದು ಎಲ್ಲ ಲೆಕ್ಕ ಹಾಕಿದ್ರೆ ಹೊಸ ಮರದ ಕೆಲಸಕ್ಕಿಂತ ಕೂಲಿ ಜಾಸ್ತಿನೇ ಬೀಳುತ್ತೆ. ಅದನ್ನ ಬಿಡಿಬಿಡಿಯಾಗಿ ಚೀಟಿಯಲ್ಲಿ ಬರೆದುಕೊಡ್ತೀನಿ. ಒಪ್ಪಿದವರ ಮರವನ್ನಷ್ಟೇ ಇಳಿಸಿಕೊಳ್ಳೋದು.